ತೊರ್ರೆಸಾಲ್ದಾದ ಸಿನಿಮಾ ಗೋಡೆಗೆ ಸುಣ್ಣ ಬಳಿಯುವ ಕೊಸಿಮಾ

ಬೆಳಗಿನ ಐದು ಗಂಟೆಗೆ ಕೊಸಿಮಾ ಸೆಮೆರಾರೊ ಗೋಡೆಯ ಮುಂದೆ ನಿಂತು ಗಾಳಿಯನ್ನು ಬೈಯುತ್ತಿದ್ದಾರೆ. ರಾತ್ರಿಯೆಲ್ಲ ಬೀಸಿದ ದಕ್ಷಿಣದ ಶಿರೊಕ್ಕೊ ಗಾಳಿ, ಸಮುದ್ರದಾಚೆಯ ಮರಳುಗಾಡಿನಿಂದ ಕೆಂಧೂಳು ಹೊತ್ತು ತಂದು, ನಾಲ್ಕು ಹನಿ ಮಳೆಯ ಜೊತೆ ಇಲ್ಲಿ ಎರಚಿ ಹೋಗಿದೆ. ನಿನ್ನೆ ಸಂಜೆ ಹಾಲಿನಂತಿದ್ದ ಗೋಡೆ ಈಗ ಟೊಮೆಟೊ ಸಾರು ಚೆಲ್ಲಿದ ಮೇಜುಬಟ್ಟೆ.

ಇವತ್ತು ರಾತ್ರಿ ಒಂಬತ್ತಕ್ಕೆ ಇದೇ ಗೋಡೆಯ ಮೇಲೆ ಸಿನಿಮಾ ಬೀಳಬೇಕು. ದಕ್ಷಿಣ ಇಟಲಿಯ ಕಡಲತೀರದ ಊರು ತೊರ್ರೆಸಾಲ್ದಾದ ಇಟಾಲಿಯನ್ ಸಿನಿಮಾ ಹಬ್ಬ ಎಂಟು ದಿನದ್ದು. ಒಂದು ದಿನ ಅಜ್ಜಿಯರ ಕಾಲದ ಚಿತ್ರ, ಮರುದಿನ ಮೊಮ್ಮಕ್ಕಳ ಕಾಲದ್ದು. ಊರಿನ ಚಿತ್ರಮಂದಿರ ದಿನಸಿ ಅಂಗಡಿಯಾದ ಮೇಲೆ ಹಳೆಯ ಎಣ್ಣೆಗಾಣದ ಪಕ್ಕೆಗೋಡೆಯೇ ಇಲ್ಲಿನ ಬೆಳ್ಳಿತೆರೆ. ಮೂವತ್ತೆಂಟು ಬೇಸಿಗೆಗಳಿಂದ ಅದಕ್ಕೆ ಸುಣ್ಣ ಬಳಿಯುತ್ತಿರುವವರು ಅರವತ್ತೇಳರ ಕೊಸಿಮಾ. ಹಬ್ಬದ ಭಿತ್ತಿಪತ್ರದಲ್ಲಿ ಐಸ್‌ಕ್ರೀಮ್ ಅಂಗಡಿಯವನ ಹೆಸರೂ ಇದೆ, ಇವರದಿಲ್ಲ.

ಅಂಗೈಗೆ ಆಲಿವ್ ಎಣ್ಣೆ ಸವರಿಕೊಂಡು ಅವರು ಬಕೆಟ್‌ಗೆ ಕೈ ಹಾಕುತ್ತಾರೆ. ಸುಣ್ಣ ಹಿತ್ತಿಲ ಗುಂಡಿಯಲ್ಲಿ ಒಂದು ವರ್ಷ ನೀರು ಕುಡಿದು ಬೆಣ್ಣೆಯಾಗಿದೆ. ಹನ್ನೆರಡು ಮೀಟರ್ ಅಗಲ, ಐದು ಮೀಟರ್ ಎತ್ತರ, ಒಂದು ಸುತ್ತು ಬಳಿಯಲು ಹನ್ನೊಂದು ಬಕೆಟ್. ಹದಿನಾಲ್ಕು ಮೆಟ್ಟಿಲಿನ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತಾರೆಂದು ಕೇಳಿದರೆ, "ಮಂಡಿಯನ್ನ ಕೇಳಿ, ಅದು ಲೆಕ್ಕ ಇಟ್ಕೊಂಡಿದೆ" ಎನ್ನುತ್ತಾರೆ. ಎಡಗಣ್ಣಿಗೆ ಸುಣ್ಣ ಸಿಡಿದು ಇಪ್ಪತ್ತು ವರ್ಷವಾಯಿತು. ಅದರಲ್ಲಿ ಬೆಳಕು ಮಾತ್ರ ಕಾಣುತ್ತದೆ, ಆಕಾರ ಕಾಣುವುದಿಲ್ಲ.

"ನಮ್ಮಮ್ಮನ ಜೊತೆ ಮನೆಮನೆಗೆ ಬಳಿಯೋಕೆ ಹೋಗ್ತಿದ್ದೆ, ಒಂಬತ್ತು ವರ್ಷದವಳಿದ್ದಾಗಿಂದ. ಮನೆ ಗೋಡೆ ಸುಲಭ. ಅದರ ಮೇಲೆ ಯಾರೂ ಅಳಲ್ಲ, ನಗಲ್ಲ. ಇಲ್ಲಿ ಒಂದು ಗಂಟು ಉಳಿದ್ರೂ ನಾಯಕಿ ಮೂಗಿನ ಮೇಲೆ ಬಂದು ಕೂತ್ಕೊಳ್ಳುತ್ತೆ."

ಮನೆಗಳಿಗೆ ಹಾಕುವ ಹಾಗೆ ಒಂದು ಸಲ ಈ ಗೋಡೆಯ ಸುಣ್ಣಕ್ಕೂ ನೀಲಿ ಬೆರೆಸಿದ್ದರು, ಬಿಳುಪು ಹೊಳೆಯಲಿ ಎಂದು. ಕಪ್ಪು-ಬಿಳುಪಿನ ಹಳೆಯ ಚಿತ್ರ ಚೆನ್ನಾಗಿಯೇ ಕಂಡಿತು. ಮರುದಿನ ಬಣ್ಣದ ಹೊಸ ಚಿತ್ರದಲ್ಲಿ ಮದುಮಗಳಿಂದ ಹಿಡಿದು ಪಾದ್ರಿಯ ತನಕ ಎಲ್ಲರ ಮುಖವೂ ಸತ್ತವರ ಮುಖ. ಊರು ಆ ವರ್ಷವನ್ನು ಇನ್ನೂ 'ಹೆಣದ ವರ್ಷ' ಎಂದೇ ಕರೆಯುತ್ತದೆ. ಕೊಸಿಮಾ ನಗುವುದಿಲ್ಲ. ಆ ತಪ್ಪು ಅವರನ್ನು ಇನ್ನೂ ಚುಚ್ಚುತ್ತದೆ.

ಏಳಕ್ಕೆ ಹಬ್ಬದ ಸಮಿತಿಯ ಕಾರ್ಯದರ್ಶಿ, ಶಾಲೆಯ ಟೀಚರ್ ಲೊರೆದಾನಾ ಓಡಿ ಬರುತ್ತಾರೆ. ಜಿಲ್ಲಾಕೇಂದ್ರದಲ್ಲಿ ಗಾಳಿ ತುಂಬಿ ನಿಲ್ಲಿಸುವ ಬಟ್ಟೆಯ ಪರದೆ ಬಾಡಿಗೆಗೆ ಸಿಗುತ್ತದೆ. ಮಧ್ಯಾಹ್ನದೊಳಗೆ ಹೇಳಿದರೆ ಸಂಜೆಗೆ ತಂದುಕೊಡುತ್ತಾರಂತೆ.

"ಕೊಸಿಮಾ ಅತ್ತೆ, ನಿಜ ಹೇಳಿ. ಒಣಗುತ್ತಾ?"

"ಗಾಳಿ ತಿರುಗಿದ್ರೆ ಒಣಗುತ್ತೆ."

"ತಿರುಗದಿದ್ರೆ?"

"ಪರದೆ ಒಂದು ಸಲ ಬಂದ್ರೆ ಮತ್ತೆ ಹೋಗುತ್ತೇನಮ್ಮ?"

ಪರದೆ ಕೊಂಡೇಬಿಡೋಣ ಎಂದು ಸಮಿತಿಯಲ್ಲಿ ಎರಡು ವರ್ಷದಿಂದ ಹಟ ಹಿಡಿದಿರುವವರು ಕ್ಷೌರದಂಗಡಿಯ ದೊನಾತೊ. ಇವತ್ತು ಗೋಡೆ ಕೈಕೊಟ್ಟರೆ ಅವರ ಮಾತಿಗೆ ಎದುರಾಡುವವರಿಲ್ಲ. ಕೊಸಿಮಾ ಕುಂಚ ಎತ್ತಿಕೊಳ್ಳುತ್ತಾರೆ. "ಫೋನ್ ಮಾಡ್ಬೇಡ. ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರು ಹೇಳು."

ಹಸಿ ಸುಣ್ಣ ಮೋಸಗಾರ. ಬಳಿದಾಗ ಬೂದಿ, ಒಣಗಿದ ಮೇಲೆ ಬಿಳುಪು. ಕಲೆ ಮುಚ್ಚಿತೋ ಇಲ್ಲವೋ ಎಂದು ನಡುವೆ ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ. ಆದ್ದರಿಂದ ತೆಳ್ಳಗೆ ಮೂರು ಸುತ್ತು. ಮಧ್ಯಾಹ್ನ ಹನ್ನೆರಡಕ್ಕೆ ಮೂರನೆಯದು ಮುಗಿದಾಗ ಗೋಡೆ ಒದ್ದೆ ಕಂಬಳಿಯಂತೆ ಕಪ್ಪಿಟ್ಟಿದೆ, ಗಾಳಿಯಲ್ಲಿ ಉಪ್ಪುನೀರಿನ ಜಿಡ್ಡು. ಕೊಸಿಮಾ ಬ್ರೆಡ್ಡಿನ ತುಂಡು ಬಾಯಿಗಿಟ್ಟು ಮತ್ತೆ ತೆಗೆಯುತ್ತಾರೆ. ಕುರ್ಚಿಯಲ್ಲಿ ಕೂರುತ್ತಾರೆ, ಏಳುತ್ತಾರೆ, ಗೋಡೆಗೆ ಬೆರಳ ಹಿಂಬದಿ ಇಟ್ಟು ನೋಡುತ್ತಾರೆ.

ದೊನಾತೊ ಅಂಗಡಿ ಮುಚ್ಚಿ ನೋಡಲು ಬರುತ್ತಾರೆ. "ಕೂದಲು ಒಣಗಿಸೋ ಮೆಷಿನ್ ತಂದುಕೊಡ್ಲೇನೇ?"

"ಬಿಸಿ ತಾಗಿಸಿದ್ರೆ ಪುಡಿಪುಡಿಯಾಗಿ ಉದುರುತ್ತೆ. ನಿನ್ನ ತಲೆ ಮೇಲಿನ ಕೂದ್ಲು ಉದುರಿತಲ್ಲ, ಹಾಗೆ. ತಪ್ಪೆಲ್ಲ ಈ ಗಾಳಿದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಟ್ಟೆ ಪರದೆಗೆ ಗಾಳಿಯ ಹಂಗಿಲ್ಲ ಕಣೇ."

"ಅದರೊಳಗೆ ತುಂಬೋದೇ ಗಾಳಿ, ದೊನಾತೊ."

ಐದೂವರೆಗೆ ಬೀದಿಯಲ್ಲಿ ಒಣಹಾಕಿದ ಬಟ್ಟೆಗಳೆಲ್ಲ ಹಾರುವ ದಿಕ್ಕು ಬದಲಿಸುತ್ತವೆ. ಉತ್ತರದ ಒಣಗಾಳಿ ಎದ್ದಿದೆ. ಗೋಡೆ ಮೇಲಿನಿಂದ ಕೆಳಕ್ಕೆ ಬೆಳ್ಳಗಾಗುತ್ತ ಬರುತ್ತದೆ. ಎಂಟು ಗಂಟೆಗೆ ಬಲಗಡೆ ಕೆಳಮೂಲೆಯಲ್ಲಿ ಚಾಪೆಯಷ್ಟು ಜಾಗ ಮಾತ್ರ ಮಬ್ಬು. ಅದನ್ನು ಅವರು ಯಾರಿಗೂ ತೋರಿಸುವುದಿಲ್ಲ.

ಒಂಬತ್ತಕ್ಕೆ ಮುನ್ನೂರು ಕುರ್ಚಿಯೂ ಭರ್ತಿ. ಮೊದಲ ದಿನದ್ದು ಹಳೆಯ ಚಿತ್ರ, ಊರು ಬಿಟ್ಟು ಹೋಗಲೋ ಬೇಡವೋ ಎಂದು ಬಂದರಿನಲ್ಲಿ ನಿಂತ ಹುಡುಗಿಯ ಕಥೆ. ಗೋಡೆಯಷ್ಟೆತ್ತರದ ಅವಳ ಮುಖ ಬಂದಾಗ ಜನ ಉಸಿರು ಬಿಗಿಹಿಡಿಯುತ್ತಾರೆ. ಬೇಲಿಗೆ ಒರಗಿ ನಿಂತ ಕೊಸಿಮಾ ಒಂದು ಮಾತನ್ನೂ ಕೇಳಿಸಿಕೊಂಡಿಲ್ಲ. ಒಂದೇ ಕಣ್ಣು, ಅದೂ ಬಲಗಡೆಯ ಕೆಳಮೂಲೆಯ ಮೇಲೆ.

ಇಂಟರ್ವಲ್‌ಗೆ ದೀಪ ಹತ್ತುತ್ತದೆ. ಉಪ್ಪು ಹಾಕಿ ಹುರಿದ ಕಡಲೆಕಾಳಿನ ಪೊಟ್ಟಣ ಹಿಡಿದು ದೊನಾತೊ ನೇರ ಇತ್ತಲೇ ಬರುತ್ತಾರೆ.

"ಹೇಳಿಬಿಡು," ಎನ್ನುತ್ತಾರೆ ಕೊಸಿಮಾ. "ಬಲಗಡೆ, ಕೆಳಗೆ. ಕಂಡಿತಾ?"

"ಏನು?"

"ಕಲೆ."

ದೊನಾತೊ ತಿರುಗಿ ಗೋಡೆ ನೋಡುತ್ತಾರೆ. ತಲೆ ಕೆರೆದುಕೊಳ್ಳುತ್ತಾರೆ. "ಅದನ್ನೇ ನೋಡ್ಬೇಕು ಅಂತ ಮುಂದಿನ ಸಾಲಲ್ಲಿ ಕೂತಿದ್ದೆ ಕಣೇ. ಆ ಹುಡುಗಿ ಹಡಗು ಹತ್ತುತ್ತಾಳೋ ಇಲ್ವೋ ಅಂತ... ಮರೆತೇಹೋಯ್ತು."

ಕೊಸಿಮಾ ಪೊಟ್ಟಣಕ್ಕೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದುಕೊಳ್ಳುತ್ತಾರೆ. ಬೆಳಗಿನಿಂದ ಹೊಟ್ಟೆಗೆ ಬೀಳುತ್ತಿರುವ ಮೊದಲ ತುತ್ತು ಅದು.

"ಹಾಗಾದ್ರೆ ಒಣಗಿದೆ," ಎನ್ನುತ್ತಾರೆ.