ನನ್ನ ಹೆಬ್ಬೆಟ್ಟು, ಅವರ ಸಹಿ

ನಿನ್ನೆ ಬೈಲಹೊಂಗಲದ ಸಂತೆಯಲ್ಲಿ ಪಕ್ಕದಲ್ಲಿ ಕುಳಿತಿದ್ದವರೊಬ್ಬರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ವಕೀಲರು ಕಣ್ಣ ಮುಂದೆ ಬಂದು ನಿಂತರು. ಚಿಟಿಕೆ ನಶ್ಯ ಏರಿಸಿ, ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡು, ಮುಂದೆ ಹೇಳು ಎನ್ನುತ್ತಿದ್ದರು. ನಾನು ಅವರಿಗೆ ಹೇಳಿದ್ದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ...

ದೊಡ್ಡ ಲಡಾಯಿ ಮುಗಿದ ಹೊಸತು. ಮೊಂಬಾಸಾಕ್ಕೆ ರೈಲಿನ ಕೆಲಸಕ್ಕೆ ಹೋಗಿದ್ದ ನನ್ನ ಅಣ್ಣ ಅಲ್ಲಿ ಜ್ವರ ಹಿಡಿದು ಮಲಗಿದ್ದ. ಬಂದು ಕರೆದುಕೊಂಡು ಹೋಗು ಎಂದು ಯಾರ ಕೈಯಲ್ಲೋ ಕಾಗದ ಬರೆಸಿದ್ದ. ಹಡಗು ಹತ್ತಲು ಸರ್ಕಾರದ ರಹದಾರಿ ಪತ್ರ ಬೇಕು. ನಾನೋ ಆರು ತಿಂಗಳು ಜೈಲಿನಲ್ಲಿದ್ದು ಬಂದವನು. ನಮ್ಮ ಜೋಳಕ್ಕೆ ಎತ್ತು ಬಿಟ್ಟನೆಂದು ದೊಡವಾಡದ ರೈತನೊಬ್ಬನ ಬಲಗೈಯನ್ನು ಬಡಿಗೆಯಿಂದ ಮುರಿದಿದ್ದೆ. ಅಂಥವನಿಗೆ ರಹದಾರಿ ಯಾರು ಕೊಡುತ್ತಾರೆ?

ಜೈಲಿನ ಮಾತನ್ನು ಮುಚ್ಚಿಡೋಣ ಎಂದು ವಕೀಲರು ಹೇಳಲಿಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ ಅದನ್ನು ಬರೆದರು. ಕೈ ಮುರಿಸಿಕೊಂಡವನೇ 'ಇವನ ಮೇಲೆ ನನಗೆ ಸಿಟ್ಟಿಲ್ಲ' ಎಂದು ಹೆಬ್ಬೆಟ್ಟು ಒತ್ತಿಕೊಟ್ಟರೆ ರಹದಾರಿ ಕೊಡುವ ಸಾಹೇಬರು ಮನಸ್ಸು ಮಾಡಿಯಾರು ಎಂದು ಇನ್ನೊಂದು ಕಾಗದ ಬರೆದು ಕೈಗಿತ್ತರು.

"ಮಂದೀನ ಕಳಸಬ್ಯಾಡ. ನೀನ ಹೋಗು. ತಪ್ಪಾತು ಅನ್ನು," ಎಂದರು.

ಹೋದೆ. ಅವನ ಮನೆಯ ಕಟ್ಟೆಯವರೆಗೂ ಹೋದೆ. ಒಳಗೆ ಅವನು ಉಣ್ಣುತ್ತಿದ್ದ. ರೊಟ್ಟಿ ಮುರಿದು ಬಾಯಿಗಿಡುತ್ತಿದ್ದದ್ದು ಎಡಗೈ. ನನಗೆ ಹೊಸ್ತಿಲು ದಾಟಲಾಗಲಿಲ್ಲ, ಅಲ್ಲಿಂದ ಕಾಲು ಕಿತ್ತೆ. ದಾರಿಯ ಗುಡಿಯಲ್ಲಿ ದೀಪದ ಕಾಡಿಗೆ ಬಳಿದುಕೊಂಡು ಆ ಕಾಗದಕ್ಕೆ ನನ್ನದೇ ಹೆಬ್ಬೆಟ್ಟು ಒತ್ತಿಬಿಟ್ಟೆ. ಹೆಬ್ಬೆಟ್ಟು ಎಲ್ಲರದ್ದೂ ಒಂದೇ ಎಂದು ತಿಳಿದಿದ್ದ ದಡ್ಡ ನಾನು!

ಕಣ್ಣಾರೆ ಕಾಣದ್ದಕ್ಕೆ ವಕೀಲರು ಎಂದೂ ಸಹಿ ಹಾಕಿದವರಲ್ಲ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ನಿನ್ನ ಎದುರಿಗೇ ಒತ್ತಿದನೇನು ಎಂದು ಎರಡು ಸಲ ಕೇಳಿದರು. ನಾನು ಕೊರಳಿನ ಲಿಂಗ ಹಿಡಿದು, ಹೌದು ಎಂದೆ. ಲಿಂಗ ಮುಟ್ಟಿ ಹೇಳಿದ ಮೇಲೆ ಇನ್ನೊಂದು ಮಾತು ಕೇಳುವುದು ಅವರ ಜಾಯಮಾನವಲ್ಲ. ಹೆಬ್ಬೆಟ್ಟು ಆ ರೈತನದೇ ಎಂದು ಕೆಳಗೆ ಬರೆದು ಸಹಿ ಹಾಕಿದರು.

ಜೈಲಿಗೆ ಹೋದ ದಿನವೇ ನನ್ನ ಹೆಬ್ಬೆಟ್ಟನ್ನು ಒತ್ತಿಸಿಕೊಂಡಿದ್ದರು. ಕಚೇರಿಯ ಗುಮಾಸ್ತ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದ. ಮುಗಿಯಿತು. ಆ ರೈತನನ್ನೂ ಕರೆಸಿದರು. ಅವನು ಸಾಹೇಬರ ಕಡೆ ನೋಡಲೇ ಇಲ್ಲ, ನನ್ನ ಕಡೆ ತಿರುಗಿದ.

"ಬಂದು ಕೇಳಿದ್ರ ಕೊಡತಿದ್ನಲ್ಲೋ ತಮ್ಮಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ...

ವಕೀಲರು ಸಹಿ ತಮ್ಮದು, ತಪ್ಪೂ ತಮ್ಮದು ಎಂದರು. ನನ್ನನ್ನು ಮತ್ತೆ ಜೈಲಿಗೆ ಕಳಿಸಬೇಡಿ ಎಂದು ಬೇಡಿಕೊಂಡವರೂ ಅವರೇ. ನನ್ನನ್ನು ಬಿಟ್ಟರು, ವಕೀಲಿ ಮಾಡುವ ಅವರ ಸನದು ಕಿತ್ತುಕೊಂಡರು. ರಹದಾರಿ ಬರಲಿಲ್ಲ. ಸುಗ್ಗಿಗೆ ಮೊದಲೇ ಅಣ್ಣ ತೀರಿಕೊಂಡ ಸುದ್ದಿ ಬಂತು. ಆಮೇಲೆ ವಕೀಲರು ಎದುರಿಗೆ ಬಂದರೆ ನಾನು ಓಣಿ ತಪ್ಪಿಸಿ ಹೋಗುತ್ತಿದ್ದೆ. ಅವರು ಸತ್ತಾಗಲೂ ಮಣ್ಣಿಗೆ ಹೋಗಲಿಲ್ಲ. ತಪ್ಪಾಯಿತು ಎಂದು ಹೇಳಲು ಈಗ ಆ ಮನುಷ್ಯನೇ ಇಲ್ಲ.

ಇವತ್ತು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಅವರ ಮನೆಗೆ ಹೋದೆ. ಅವರ ಹೆಂಡತಿಗಾದರೂ ನಡೆದದ್ದನ್ನೆಲ್ಲ ಹೇಳಿ ಕಾಲಿಗೆ ಬೀಳಬೇಕೆಂದಿದ್ದೆ. ಹಣ್ಣು ಮುದುಕಿ. ನನ್ನ ಗುರುತು ಹತ್ತಲಿಲ್ಲ. ಹಳೆಯ ಕಕ್ಷಿದಾರ ಎಂದಷ್ಟೇ ಹೇಳಿದೆ. ಬೆಲ್ಲ ನೀರು ಕೊಟ್ಟು, ಕಂಬಕ್ಕೆ ಒರಗಿ ಕುಳಿತರು.

"ಕಣ್ಣ ಮಂಜ ಆದೂವು, ಕಾಗದ ಕಾಣವಲ್ದು ಅಂತ ಅವ್ರ ವಕೀಲಕಿ ಬಿಟ್ರು ನೋಡ್ರಿ. ನಿಮಗ ಗೊತ್ತಿರಬೇಕಲ್ಲ?"

ನೀರಿನ ತಂಬಿಗೆಯನ್ನು ಕೆಳಗಿಟ್ಟೆ.

"ಹೌದ್ರೀ ಅವ್ವಾರ," ಎಂದೆ. "ಗೊತ್ತೈತ್ರಿ."