ಹರಿದ ಮೇಲು ಕೂಡಿಸುವ ಗುರುಸಿದ್ದ

ಗುರುಸಿದ್ದನ ಹೆಸರು ತಾರವ್ವನ ಕಿವಿಗೆ ಮೊದಲು ಬಿದ್ದದ್ದು ದಸರೆಯ ಖಂಡೆ ಪೂಜೆಯ ಮರುದಿನ. ಹಿಂದಿನ ದಿನ ಆಕೆ ಮಗ್ಗಕ್ಕೆ ಒಡೆದಂತೆ ತೀರಿಹೋದ ಗಂಡ ನಾಮದೇವನ ಕಂಪ್ಯೂಟರಿನ ಮೇಲೂ ಭಕ್ತಿಯಿಂದ ಕಾಯಿ ಒಡೆದಿದ್ದಳು. ಕಾಯಿಯ ನೀರೆಲ್ಲ ಅದರ ಡಬ್ಬಿಯೊಳಗೆ ಇಳಿಯಿತು. ಒಣಗಿಸಿದ ಮೇಲೆ ಕಂಪ್ಯೂಟರ್ ಶುರುವಾಯಿತಾದರೂ ನಾಮದೇವನ ಹನ್ನೆರಡು ವರ್ಷದ ಇ-ಮೇಲುಗಳಿದ್ದ ಫೈಲು ಮಾತ್ರ ತೆರೆಯಲಿಲ್ಲ.

ತಾರವ್ವನಿಗೆ ಬೇಕಿದ್ದದ್ದು ಒಂದೇ ಮೇಲು. ರಬಕವಿಯಲ್ಲೆಲ್ಲ ನೇಯುತ್ತಿದ್ದ ಹೊಸ ಸೀರೆದಡಿಯ ಚಿತ್ರ ಬರೆದವಳು ತಾನೆಂದು ಆಕೆ ಅನ್ನುತ್ತಿದ್ದಳು. ಅಲ್ಲ, ತಾನೆಂದು ಬಾಜೂಮನೆಯ ಮುದಕವ್ವ. ನೇಕಾರರ ಸಂಘದವರು ಬರೆದವರ ಹೆಸರನ್ನೇ ದಡಿಗೆ ಇಡುವವರಿದ್ದರು. ಆ ಚಿತ್ರವನ್ನು ಮೊದಲು ಸೊಲ್ಲಾಪುರದ ಅಂಗಡಿಗೆ ಮೇಲ್ ಮಾಡಿದವನು ನಾಮದೇವ. ಆ ಮೇಲಿನಲ್ಲಿ ಬರೆದವರ ಹೆಸರೂ ಇರಲೇಬೇಕು, ಸಿಕ್ಕರೆ ಜಗಳ ಮುಗಿದಂತೆ.

"ಬನಹಟ್ಟ್ಯಾಗ ಗುರುಸಿದ್ದ ಅಂತ ಅದಾನ. ಹರದ ಮೇಲು ಕೂಡಸ್ತಾನ," ಎಂದವಳು ಮುದಕವ್ವನೇ. "ನಡಿಬೇ, ನಾನೂ ಬರ್ತೇನಿ. ನಿನ್ನ ಸುಳ್ಳು ಹೊರಬೀಳೂದು ನೋಡಬೇಕು ನಾ."

ಕಂಪ್ಯೂಟರನ್ನು ನಡುವೆ ಇಟ್ಟುಕೊಂಡು ಇಬ್ಬರೂ ಒಂದೇ ಆಟೋದಲ್ಲಿ ಹೋದರು.

ಗುರುಸಿದ್ದ ಮೂವತ್ತು ವರ್ಷ ಹಾಸಿನ ಎಳೆ ಕೂಡಿಸಿದವನು. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿಯುತ್ತಲೇ ಹೊಸದರ ಸಾವಿರಾರು ಎಳೆಗಳನ್ನು ಬೂದಿ ಹಚ್ಚಿದ ಬೆರಳಲ್ಲಿ ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ ಅದು. ಅದಕ್ಕೂ ಯಂತ್ರ ಬಂದ ಮೇಲೆ ನೂಲಿನಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಇಟ್ಟು, ಕೆಟ್ಟ ಫೈಲು ಕೂಡಿಸುತ್ತ ಕೂತ. ಈಗಲೂ ಬೂದಿ ಹಚ್ಚದೆ ಮೌಸ್ ಮುಟ್ಟುತ್ತಿರಲಿಲ್ಲ. ಯಾರಾದರೂ ನಕ್ಕರೆ, "ಎಳಿ ಜಾರಬಾರದಲ್ರಿ," ಎನ್ನುತ್ತಿದ್ದ.

ಮೊಣಕಾಲು ಬ್ಯಾನಿಯೆಂದು ಮುದಕವ್ವ ದಿನವೂ ಕೆಳಗಿನ ಮೆಟ್ಟಿಲ ಮೇಲೆಯೇ ಕೂರುತ್ತಿದ್ದಳು. ಮೂರನೆಯ ದಿನ ಮೇಲುಗಳು ಬಂದವು, ಮೊದಲ ಸಾಲಿನ ತಲೆ ಒಂದು ಕಡೆ, ಉಳಿದ ಮೈ ಒಂದು ಕಡೆ. ಗುರುಸಿದ್ದ ಎಳೆಯಂತೆಯೇ ಸಾಲಾಗಿ ಕೂಡಿಸಿ ಓದಿದ:

"'ನಿಮ್ಮ ತಂದೆಯವರು ತೀರಿಕೊಂಡ ಸುದ್ದಿ ಕೇಳಿ ಬಹಳ ದುಃಖವಾಯಿತು. ಕುಂಕುಮ ಬಣ್ಣದ್ದು ನಾಲ್ಕು ಡಜನ್ ಕಳಿಸಿರಿ.'"

"ಥೂ, ಅಲ್ಲಲೇ!" ಎಂದಳು ಪಕ್ಕದಲ್ಲಿ ಕೂತಿದ್ದ ತಾರವ್ವ. "ದುಃಖದ್ದು 'ತಿಥಿ ದಿನಕ್ಕ ಬರ್ತೇವಿ' ಅಂತ ಮುಗೀತಿತ್ತು. ಕುಂಕುಮದ್ದು ಇಲಕಲ್ಲಿನವರಿಗೆ ಹಾಕಿದ ಮೇಲು."

ಗುರುಸಿದ್ದ ಬೆರಗಾದ. ನಾಮದೇವ ಒಂದೇ ಬೆರಳಲ್ಲಿ, ಪ್ರತಿ ಮಾತನ್ನೂ ಜೋರಾಗಿ ಹೇಳುತ್ತ ಟೈಪ್ ಮಾಡುತ್ತಿದ್ದ. ರೊಟ್ಟಿ ಬಡಿಯುತ್ತಿದ್ದ ತಾರವ್ವನಿಗೆ ಹನ್ನೆರಡೂ ವರ್ಷ ಬಾಯಿಪಾಠ. ಅಂದಿನಿಂದ ಆತ ತಲೆ ಹೇಳುವುದು, ಆಕೆ ಮೈ ಹೇಳುವುದು.

"ಹುಟ್ಟಿತೇನ ನನ್ನ ದಡಿ?" ಕೆಳಗಿನಿಂದ ಮುದಕವ್ವ ಕೂಗುತ್ತಿದ್ದಳು.

"ಇನ್ನೂ ಹೆರಿಗಿ ಬ್ಯಾನಿ ತಿನ್ನಾಕತ್ತೇವಿ, ಸುಮ್ಕ ಕುಂಡ್ರು!" ಎನ್ನುತ್ತಿದ್ದಳು ತಾರವ್ವ.

ಎಂಟು ದಿನದಲ್ಲಿ ಎಲ್ಲ ಕೂಡಿದವು. ಉಳಿದದ್ದು ಒಂದು ತಲೆ, ಒಂದು ಮೈ. ತಾರವ್ವನಿಗೆ ಅದೊಂದು ಗೊತ್ತಿರಲಿಲ್ಲ. ಅದನ್ನು ಬರೆಯುವಾಗ ಆಕೆ ಮಗಳ ಬಾಣಂತನಕ್ಕೆ ಸಮೀರವಾಡಿಗೆ ಹೋಗಿದ್ದಳು. ಗುರುಸಿದ್ದ ಕೂಡಿಸಿದ. ತೆರೆಯ ಮೇಲೆ ಆಕೆಯ ದಡಿ ಅರಳಿತು. ಕೆಳಗೆ ಎರಡು ಸಾಲು. ಎರಡನೇ ಇಯತ್ತೆಯವರೆಗೆ ಸಾಲಿ ಕಲಿತ ತಾರವ್ವ ಬೆರಳಿಟ್ಟು ತಾನೇ ಓದಿದಳು:

'ಈ ಚಿತ್ರ ಸ್ವತಃ ನಾನೇ ಬರೆದದ್ದು. ಇಂತಿ, ನಾಮದೇವ.'

"ಬಾಡ್ಯಾ," ಎಂದಳು ತಾರವ್ವ. ಗಂಡನನ್ನು ಹಾಗೆ ಬೈದದ್ದು ಆತ ಸತ್ತ ಮೇಲೆ ಇದೇ ಮೊದಲ ಸಲ.

"ಏನ ಬಂತೋ ಗುರುಸಿದ್ದಾ?" ಕೆಳಗಿನಿಂದ ದನಿ. "ನನಗ ಸಾಲಿ ಇಲ್ಲ, ಜೋರ್‌ಲೆ ಓದು!"

ಗುರುಸಿದ್ದ ಬೂದಿಯ ಕೈ ಧೋತರಕ್ಕೆ ಒರೆಸಿಕೊಂಡ. ದನಿ ಸಣ್ಣದು ಮಾಡಿ ಕೇಳಿದ:

"ಯವ್ವಾ, ಯಾರ ಹೆಸರು ಓದ್ಲಿ?"