ತೊಗಲು ಮುದುಡುವ ತಾಪಮಾನ

2004ರ ಜುಲೈ ತಿಂಗಳಲ್ಲಿ ನಾನು ಕೋಲ್ಕತ್ತಕ್ಕೆ ವರ್ಗವಾಗಿ ಹೋದೆ. ಸಾಲ್ಟ್ ಲೇಕಿನ ಕೇಂದ್ರ ಸರ್ಕಾರಿ ಶಾಲೆಯೊಂದರಲ್ಲಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುವ ಕೆಲಸ. ಹೆಂಡತಿ ಕಮಲಾ ಅಥಣಿ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ರಾಜ್ಯ ಸರ್ಕಾರದ ನೌಕರಿ ಬಿಟ್ಟು ಬರುವಂತಿರಲಿಲ್ಲ. ಹಾಗಾಗಿ ನಲವತ್ತೊಂದನೆಯ ವಯಸ್ಸಿನಲ್ಲಿ ಡಮ್ ಡಮ್‌ನ ಬಾಡಿಗೆ ಕೋಣೆಯೊಂದರಲ್ಲಿ ಒಬ್ಬನೇ ಒಲೆ ಹೂಡಿದೆ. ನಾನು ಕನ್ನಡ ಮಾತಾಡುತ್ತಿದ್ದುದು ಭಾನುವಾರ ಬೆಳಿಗ್ಗೆ, ಫೋನಿನಲ್ಲಿ, ಹತ್ತು ನಿಮಿಷ.

ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಜೀವಶಾಸ್ತ್ರದ ಹಿರಿಯ ಶಿಕ್ಷಕಿ ದತ್ತಾ ಮೇಡಂ ಪ್ರೀತಿಯಿಂದ ವಿಚಾರಿಸಿದರು. ‘ನಿಮ್ಮ ಪದವಿ?’ ಎಂದಂತೆ ಕೇಳಿಸಿತು. ‘ಎಂ.ಎಸ್‌ಸಿ., ಬಿ.ಎಡ್.’ ಎಂದೆ. ಎಲ್ಲರೂ ನಕ್ಕರು. ಬಂಗಾಳಿಯಲ್ಲಿ ಆ ಶಬ್ದಕ್ಕೆ ಮನೆತನದ ಹೆಸರು ಎಂದರ್ಥವಂತೆ. ನನ್ನ ಹೆಸರಿಗೆ ಇದ್ದುದು ಎರಡು ಇನಿಷಿಯಲ್ ಮಾತ್ರ, ಊರಿನದೊಂದು, ಅಪ್ಪನದೊಂದು. ಮೀನು ನನಗೆ ಒಗ್ಗುತ್ತಿರಲಿಲ್ಲ; ಡಬ್ಬಿಯಲ್ಲಿ ಚಪಾತಿ-ಪಲ್ಯ ಒಯ್ಯುತ್ತಿದ್ದೆ. ದಕ್ಷಿಣದವನು, ಸಸ್ಯಾಹಾರಿ, ಮಾತು ಕಡಿಮೆ. ಇಷ್ಟರಿಂದಲೇ ಅವರು ನನ್ನನ್ನು ಬ್ರಾಹ್ಮಣನೆಂದು ತೀರ್ಮಾನಿಸಿಬಿಟ್ಟರು. ನಾನು ತಿದ್ದಲಿಲ್ಲ.

ನನ್ನ ಅಪ್ಪ ಚಪ್ಪಲಿ ಮಾಡುತ್ತಿದ್ದ, ಅಜ್ಜ ತೊಗಲು ಹದ ಮಾಡುತ್ತಿದ್ದ. ಹದಿನಾರು ತುಂಬುವವರೆಗೆ ದಿನವೂ ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಅವರ ಜೊತೆ ಕೆಲಸಕ್ಕೆ ಕೂರುತ್ತಿದ್ದೆ. ಕೋಲ್ಕತ್ತದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ಅದೊಂದು ಬಿಡುಗಡೆ ಅನ್ನಿಸಿತ್ತು. ಬರಬರುತ್ತ, ಇವರು ಮರ್ಯಾದೆ ಕೊಡುತ್ತಿರುವುದು ನನಗಲ್ಲ, ಇನ್ಯಾರಿಗೋ ಎಂಬುದು ಅರಿವಾಯಿತು. ಆಮೇಲೆ ಕೋಣೆಯಲ್ಲಿ ಒಬ್ಬನೇ ಇದ್ದಾಗಿನದಕ್ಕಿಂತ ಅವರ ನಡುವೆ ಕೂತಾಗಲೇ ಹೆಚ್ಚು ಒಂಟಿ ಅನ್ನಿಸುತ್ತಿತ್ತು.

2005ರಲ್ಲಿ ಸುನೀತಾ ಕುಮಾರಿ ಹನ್ನೊಂದನೆಯ ತರಗತಿಗೆ ಬಂದಳು. ಬಿಹಾರ ಮೂಲದ ಕುಟುಂಬ. ತಂದೆ ಸಾಲ್ಟ್ ಲೇಕಿನ ಕೇಂದ್ರ ಕಚೇರಿಯೊಂದರಲ್ಲಿ ಅಟೆಂಡರ್. ಅಜ್ಜ ನಗರದ ಪೂರ್ವಕ್ಕಿರುವ ಟ್ಯಾಂಗ್ರಾದ ಚರ್ಮದ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವನು. ಇದನ್ನು ಅವಳಾಗಿ ಹೇಳಿರಲಿಲ್ಲ. ಆದರೂ ತರಗತಿಗೆಲ್ಲ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಒಂದು ಬೆಂಚಿಗೆ ಇಬ್ಬರಂತೆ ನಿಲ್ಲಬೇಕು. ಅವಳ ಬೆಂಚಿನಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ವಿದ್ಯಾರ್ಥಿಗಳ ಸಂಖ್ಯೆ ಬೆಸವಾಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಸುಣ್ಣದ ಪಾಠ ನಡೆದಿತ್ತು. ಸುಣ್ಣದ ಉಪಯೋಗಗಳಲ್ಲಿ ‘ಚರ್ಮ ಹದ ಮಾಡುವ ಉದ್ಯಮ’ ಎಂಬುದೂ ಒಂದು. ಅದನ್ನು ಓದಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಸುನೀತಾ ಎದ್ದು ನಿಂತಳು.

‘ಸರ್, ಚರ್ಮಕ್ಕೆ ಸುಣ್ಣ ಏನು ಮಾಡುತ್ತೆ?’

ನನಗೆ ಗೊತ್ತಿತ್ತು. ಸುಣ್ಣದ ನೀರಿನಲ್ಲಿ ನೆನೆದ ತೊಗಲಿನ ಕೂದಲ ಬುಡ ಸಡಿಲವಾಗುತ್ತದೆ, ಒಳಗಿನ ನಾರು ಉಬ್ಬಿ ಬಿಚ್ಚಿಕೊಳ್ಳುತ್ತದೆ. ಆ ಕೂದಲನ್ನು ನಾನೇ ಕೈಯಾರೆ ಕಿತ್ತವನು. ಆದರೂ, ‘ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ’ ಎಂದೆ. ಹಿಂದಿನ ಬೆಂಚಿನಿಂದ ಯಾರೋ ಹಿಂದಿಯಲ್ಲಿ, ‘ನಿಮ್ಮ ತಾತನ್ನೇ ಕೇಳು’ ಅಂದರು. ತರಗತಿ ನಕ್ಕಿತು. ನಾನು ಬೋರ್ಡಿನ ಕಡೆ ತಿರುಗಿ ಸಮೀಕರಣ ಬರೆದೆ.

ಆಕೆ ನಿಜವಾಗಿಯೂ ತಾತನನ್ನೇ ಕೇಳಿದಳು. ತಿಂಗಳೊಪ್ಪತ್ತಿನಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಪ್ರಾಜೆಕ್ಟ್‌ಗಳನ್ನು ಆರಿಸುವಾಗ ಅವಳ ನೋಟ್‌ಬುಕ್ ನನ್ನ ಮೇಜಿಗೆ ಬಂತು. ತೊಗಲಿನ ಪಟ್ಟಿಯನ್ನು ನೀರಿನಲ್ಲಿ ಇಳಿಬಿಟ್ಟು ನಿಧಾನವಾಗಿ ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಥಟ್ಟನೆ ಮುದುಡುತ್ತದೆ. ಆ ತಾಪಮಾನ ಹೆಚ್ಚಿದ್ದಷ್ಟೂ ತೊಗಲು ಗಟ್ಟಿಯಾಗಿ ಹದಗೊಂಡಿದೆ ಎಂದು ಲೆಕ್ಕ. ಅವಳು ಮನೆಯ ಒಲೆಯ ಮೇಲೆ, ಎರವಲು ತಂದ ಥರ್ಮಾಮೀಟರಿನಿಂದ, ಒಂದೊಂದನ್ನೂ ಮೂರು ಸಲ ಅಳೆದಿದ್ದಳು. ಹಸಿ ತೊಗಲು 62 ಡಿಗ್ರಿ. ಮರದ ತೊಗಟೆಯಲ್ಲಿ ಹದ ಮಾಡಿದ್ದು 78. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಕುದಿಯುವ ನೀರಿನಲ್ಲೂ ಮುದುಡಿರಲಿಲ್ಲ. ಹದಿನೆಂಟು ವರ್ಷದ ನನ್ನ ನೌಕರಿಯಲ್ಲಿ ಶಾಲಾ ಮಕ್ಕಳಿಂದ ಅಂಥ ಅಚ್ಚುಕಟ್ಟಾದ ಅಳತೆಯನ್ನು ನಾನು ಕಂಡಿರಲಿಲ್ಲ.

ಆಯ್ಕೆ ಸಮಿತಿಯಲ್ಲಿ ಮೂವರು: ದತ್ತಾ ಮೇಡಂ, ಕಂಪ್ಯೂಟರ್ ಶಿಕ್ಷಕ ರಾಯ್, ನಾನು. ಶಾಲೆಯಿಂದ ಎರಡು ಸ್ಟಾಪ್ ಆಚೆ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ತಂದೆತಾಯಂದಿರಿಗೆ ವಿಜ್ಞಾನವೆಂದರೆ ಕಂಪ್ಯೂಟರೇ ಆಗಿತ್ತು. ಬಂದ ಇಪ್ಪತ್ತೆರಡು ಪ್ರಾಜೆಕ್ಟ್‌ಗಳಲ್ಲಿ ಹದಿನೈದು ಪರದೆಯ ಮೇಲೆ ಓಡುವಂಥವು.

‘ಸರಸ್ವತಿ ಪೂಜೆ ಮಾಡುವ ಹಾಲ್‌ನಲ್ಲಿ ಸತ್ತ ದನದ ಚರ್ಮವೇ?’ ಎಂದರು ದತ್ತಾ ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮುಜುಗರವಿತ್ತು.

ರಾಯ್ ಒಂದು ದಾರಿ ಹೇಳಿದರು. ‘ಚರ್ಮದ ಕಾರ್ಖಾನೆಗಳಿಂದ ಆಗೋ ಮಾಲಿನ್ಯದ ಬಗ್ಗೆ ಕಂಪ್ಯೂಟರಿನಲ್ಲಿ ಸ್ಲೈಡ್ ಮಾಡಲಿ. ವಿಷಯ ಅದೇ ಆಯ್ತಲ್ಲ.’

ಇಬ್ಬರೂ ನನ್ನತ್ತ ತಿರುಗಿದರು. ‘ನೀವೇ ಹೇಳಿ ಸರ್. ನಿಮ್ಮಂಥವರಿಗೆ ಆ ಟೇಬಲ್ ಹತ್ತಿರ ನಿಲ್ಲೋದಕ್ಕಾದರೂ ಆಗುತ್ತಾ?’ ದತ್ತಾ ಮೇಡಂ ಕೇಳಿದರು.

‘ಸ್ವಲ್ಪ ಕಷ್ಟ’ ಎಂದೆ. ಆ ಎರಡು ಶಬ್ದ ನನ್ನ ಬಾಯಿಂದಲೇ ಬಂದವು.

ಪ್ರಯೋಗ ಬೇಡ, ಮಾಲಿನ್ಯದ ಸ್ಲೈಡ್ ಮಾಡಲಿ ಎಂಬ ತೀರ್ಮಾನವನ್ನು ಸುನೀತಾಳಿಗೆ ತಿಳಿಸುವ ಕೆಲಸವೂ ನನ್ನ ಪಾಲಿಗೇ ಬಂತು. ಅವಳು ತಲೆತಗ್ಗಿಸದೆ ಕೇಳಿಸಿಕೊಂಡಳು. ‘ನಮ್ಮ ಮನೆಯವರು ಊರು ಕೆಡಿಸ್ತಾರೆ ಅಂತ ನಾನೇ ಎಲ್ಲರ ಮುಂದೆ ಹೇಳಬೇಕಾ ಸರ್?’ ಎಂದಳು. ನೋಟ್‌ಬುಕ್ಕನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಮರುದಿನ ಅವಳು ವಿಜ್ಞಾನ ಬಿಟ್ಟು ಕಾಮರ್ಸ್‌ಗೆ ಬದಲಾಯಿಸಿಕೊಳ್ಳಲು ಅರ್ಜಿ ಕೇಳಿದ್ದಾಳೆಂದು ಆಫೀಸಿನಲ್ಲಿ ಗೊತ್ತಾಯಿತು.

ಆ ಭಾನುವಾರ ಕಮಲಾಳಿಗೆ ಎಲ್ಲವನ್ನೂ ಹೇಳಿದೆ. ‘ಇದನ್ನ ನನಗ ಯಾಕ ಹೇಳಾಕತ್ತೀರಿ? ಆ ಹುಡಿಗಿಗೆ ಹೋಗಿ ಹೇಳ್ರಿ’ ಎಂದಳು. ಫೋನ್ ಇಟ್ಟು, ನೋಟ್‌ಬುಕ್ ಚೀಲದಲ್ಲಿ ಹಾಕಿಕೊಂಡು ಟ್ಯಾಂಗ್ರಾದ ಬಸ್ ಹತ್ತಿದೆ.

ಕಾರ್ಖಾನೆಗಳನ್ನು ಊರಾಚೆಗೆ ಸಾಗಿಸುತ್ತಿದ್ದ ದಿನಗಳವು. ಅರ್ಧ ಶೆಡ್‌ಗಳು ಖಾಲಿ ಬಿದ್ದಿದ್ದವು. ಅವರಿವರನ್ನು ಕೇಳುತ್ತ ಹೋದೆ. ಸುನೀತಾಳ ಅಜ್ಜ ಇನ್ನೂ ಕೆಲಸ ನಡೆದಿದ್ದ ಒಂದು ಶೆಡ್ಡಿನಲ್ಲಿ ಸುಣ್ಣದಿಂದ ತೆಗೆದ ತೊಗಲನ್ನು ಓರೆಯಾದ ಮರದ ದಿಮ್ಮಿಯ ಮೇಲೆ ಹೊದಿಸಿ, ಎರಡು ಹಿಡಿಯ ಬಾಗಿದ ಕತ್ತಿಯಿಂದ ಮಾಂಸದ ಪದರ ಕೆರೆಯುತ್ತಿದ್ದ. ಅವಳು ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖ ಬಿಗಿಯಾಯಿತು. ಆ ವಾಸನೆ ಮೂಗಿಗೆ ಬಡಿಯಿತು. ಇಪ್ಪತ್ತೈದು ವರ್ಷದ ಮೇಲೆ ನಮ್ಮ ಮನೆಯ ಹಿತ್ತಿಲಿನಲ್ಲಿ ನಿಂತಂತಾಯಿತು.

‘ನೋಡ್ತೀರಾ ಮಾಸ್ಟರ್‌ಜಿ?’ ಎಂದು ಮುದುಕ ನಗುತ್ತ ಕತ್ತಿ ಚಾಚಿದ. ತಮಾಷೆಗೆ. ನಾನು ಅಂಗಿಯ ತೋಳು ಮಡಚಿ ಕತ್ತಿ ತೆಗೆದುಕೊಂಡೆ. ಕೈ ಮರೆತಿರಲಿಲ್ಲ. ನಾಲ್ಕು ಸಲ ಎಳೆಯುವಷ್ಟರಲ್ಲಿ ಅವನ ನಗು ನಿಂತಿತು.

‘ಇದು ಪುಸ್ತಕದಲ್ಲಿ ಕಲಿತ ಕೈಯಲ್ಲ.’

‘ಅಲ್ಲ. ನಮ್ಮ ಅಜ್ಜನ ಹತ್ತಿರ ಕಲಿತದ್ದು’ ಎಂದೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ನಾನು ಯಾರೆಂದು ಬಾಯಿಬಿಟ್ಟು ಹೇಳಿದೆ. ಮುದುಕ ನನ್ನ ಭುಜದ ಮೇಲೆ ಕೈ ಇಟ್ಟ. ಸುನೀತಾಳೂ ಸಂತೋಷಪಡುತ್ತಾಳೆಂದು ಎಣಿಸಿದ್ದೆ.

‘ಹಾಗಿದ್ರೆ ಸುಣ್ಣದ ಪಾಠದ ದಿನ ನಿಮಗೆ ಉತ್ತರ ಗೊತ್ತಿತ್ತು’ ಎಂದಳು.

‘ಗೊತ್ತಿತ್ತು.’

‘ಅವರು ಬೇಡ ಅಂದ ದಿನಾನೂ ಎಲ್ಲಾ ಗೊತ್ತಿತ್ತು.’

‘ಹೌದಮ್ಮ.’

ಚೀಲದಿಂದ ನೋಟ್‌ಬುಕ್ ತೆಗೆದು ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಒಳಗೆ ಹೋದಳು.

ಸೋಮವಾರ ಸಮಿತಿಯ ಇಬ್ಬರನ್ನೂ ಕೂರಿಸಿಕೊಂಡು ನನ್ನ ವಿಷಯ ಹೇಳಿದೆ. ರಾಯ್ ಕಿಟಕಿಯಾಚೆ ನೋಡತೊಡಗಿದರು. ದತ್ತಾ ಮೇಡಂ ಮುಖ ಕೆಂಪಾಯಿತು. ‘ಅಯ್ಯೋ, ಇದನ್ನೆಲ್ಲ ಯಾಕೆ ಹೇಳಿದ್ರಿ ಸರ್? ನಮ್ಮ ಬಂಗಾಳದಲ್ಲಿ ಜಾತಿಗೀತಿ ಏನೂ ಇಲ್ಲ.’

‘ಹಾಗಿದ್ರೆ ಆ ಹುಡುಗಿಗೆ ಒಂದು ಟೇಬಲ್ ಕೊಡೋಣ ಮೇಡಂ’ ಎಂದೆ.

ಕೊಟ್ಟರು. ಹಾಲ್‌ನಲ್ಲಿ ಅಲ್ಲ, ಮೆಟ್ಟಿಲ ಪಕ್ಕದ ಜಗಲಿಯಲ್ಲಿ. ಪ್ರದರ್ಶನದ ದಿನ ಹೆಚ್ಚಿನವರು ಮೂಗಿಗೆ ಕರವಸ್ತ್ರ ಹಿಡಿದು ದಾಟಿ ಹೋದರು. ತೀರ್ಪುಗಾರರಲ್ಲಿ ಒಬ್ಬರು, ನಿವೃತ್ತ ಕಾಲೇಜು ಅಧ್ಯಾಪಕರು, ಇಪ್ಪತ್ತು ನಿಮಿಷ ನಿಂತು ಪ್ರಶ್ನೆ ಕೇಳಿದರು. ಕ್ರೋಮಿಯಂ ತೊಗಲಿನ ನಾರುಗಳನ್ನು ಹೇಗೆ ಒಂದಕ್ಕೊಂದು ಕಟ್ಟಿಹಾಕುತ್ತದೆ, ಅದನ್ನು ಸಡಿಲಿಸಲು ಯಾಕೆ ಅಷ್ಟು ಶಾಖ ಬೇಕು ಎಂದು ಅವಳು ನಿಧಾನವಾಗಿ, ಸ್ಪಷ್ಟವಾಗಿ ವಿವರಿಸಿದಳು. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಿದ್ದ. ಮೊದಲ ಬಹುಮಾನ ಟ್ರಾಫಿಕ್ ಸಿಗ್ನಲ್ಲಿನ ಕಂಪ್ಯೂಟರ್ ಮಾದರಿಗೆ ಹೋಯಿತು. ಸುನೀತಾಳಿಗೆ ಏನೂ ಬರಲಿಲ್ಲ. ಆದರೆ ಕಾಮರ್ಸ್‌ನ ಅರ್ಜಿಯನ್ನು ಅವಳು ತುಂಬಿ ಕೊಡಲಿಲ್ಲ.

ಸ್ಟಾಫ್ ರೂಮಿನಲ್ಲಿ ಯಾರೂ ನನಗೆ ಕೆಟ್ಟ ಮಾತಾಡಲಿಲ್ಲ. ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು, ಅಷ್ಟೆ. ಸ್ವಲ್ಪ ದಿನ ನೋಡಿ, ಡಬ್ಬಿಯನ್ನು ಪ್ರಯೋಗಾಲಯಕ್ಕೇ ಒಯ್ದೆ. ಅದನ್ನು ಸಹಿಸಬಹುದಿತ್ತು. ಸಹಿಸಲು ಕಷ್ಟವಾದದ್ದು ಸುನೀತಾಳ ಮೌನ. ಉಳಿದ ಒಂದೂವರೆ ವರ್ಷ ಅವಳು ತರಗತಿಯಲ್ಲಿ ನನಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹನ್ನೆರಡರಲ್ಲಿ ರಸಾಯನಶಾಸ್ತ್ರದಲ್ಲಿ ಶಾಲೆಗೆ ಮೊದಲಿಗಳಾದಳು. ಅಂಕಪಟ್ಟಿ ಒಯ್ಯಲು ಬಂದ ದಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ‘ಹೋಗ್ತೀನಿ ಸರ್’ ಎಂದಳು.

‘ಮುಂದೆ ಓದುವಾಗ ಏನಾದ್ರೂ ಕೇಳೋದಿದ್ರೆ ಬಾ’ ಎಂದೆ.

‘ಬೇಡ ಸರ್. ಹುಡುಕ್ಕೊಳ್ಳೋದು ಕಲಿತಿದೀನಿ.’ ಅದರಲ್ಲಿ ಕಹಿ ಇರಲಿಲ್ಲ. ನಮಸ್ಕಾರ ಮಾಡಿ ಹೋದಳು.

ಪಾಠ ಹೇಳುವವನು ಹೇಳದೆ ಬಿಟ್ಟದ್ದನ್ನೂ ಮಕ್ಕಳು ಕಲಿಯುತ್ತಾರೆ. ಯಾರ ಮನೆಯ ತಿಳಿವಳಿಕೆ ವಿಜ್ಞಾನ, ಯಾರದು ಬರೀ ವಾಸನೆ ಎಂಬುದನ್ನು ನಮ್ಮ ಮೌನದಿಂದಲೇ ಅವರು ತಿಳಿದುಕೊಳ್ಳುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ನಿವೃತ್ತಿಯವರೆಗೂ ಪ್ರತಿ ವರ್ಷ ಮೊದಲ ದಿನ ತರಗತಿಯಲ್ಲಿ ನಾನು ಎಲ್ಲಿಂದ ಬಂದವನು, ನನ್ನ ಮನೆಯವರು ಏನು ಮಾಡುತ್ತಿದ್ದರು ಎಂದು ಹೇಳಿಯೇ ಪಾಠ ಶುರುಮಾಡಿದೆ. ಕೆಲವರು ನಗುತ್ತಿದ್ದರು. ಪೀರಿಯಡ್ ಮುಗಿದ ಮೇಲೆ ಒಬ್ಬರೋ ಇಬ್ಬರೋ ಮೇಜಿನ ಹತ್ತಿರ ಉಳಿದು, ತಮ್ಮ ಮನೆಯಲ್ಲಿ ಕಂಡ ಯಾವುದೋ ಸಂಗತಿಯ ಬಗ್ಗೆ ಅಳುಕುತ್ತ ಕೇಳುತ್ತಿದ್ದರು. ಗೊತ್ತಿದ್ದುದನ್ನೆಲ್ಲ ಅವರಿಗೆ ಹೇಳಿದ್ದೇನೆ. ಕೇಳಬೇಕಾದ ದಿನ ಕೇಳಿದವಳಿಗೆ ಮಾತ್ರ ಹೇಳಲಿಲ್ಲ.